ಲಿಂಕ್ ಒತ್ತಿಬಿಟ್ಟೆವು, ಇನ್ನೇನು ಗತಿ?

ಕಳೆದ ತಿಂಗಳ ಎರಡನೇ ಜುಮಾದಂದು, ಖುತ್ಬಾಕ್ಕೆ ಮೊದಲಿನ ಕನ್ನಡ ಭಾಷಣದ ಕೊನೆಯಲ್ಲಿ ನಾವು ನಾಲ್ಕೈದು ನಿಮಿಷ ಮೊಬೈಲಿಗೆ ಬರುವ ‘ತಮಾಷೆ ಲಿಂಕ್’ಗಳ ಬಗ್ಗೆ ಮಾತಾಡಿದ್ದೆವು. ಅಷ್ಟು ಸಾಕು ಅಂದುಕೊಂಡಿದ್ದೆವು. ನಮಾಝ್ ಮುಗಿಸಿ ಹೊರಗೆ ಬಂದರೆ ಚಪ್ಪಲಿ ಕಟ್ಟೆಯ ಬಳಿ ಏಳೆಂಟು ಮಂದಿ ಕಾದು ನಿಂತಿದ್ದರು. ಒಬ್ಬರ ಕೈಯಲ್ಲಿ ಮೊಬೈಲ್, ಇನ್ನೊಬ್ಬರ ಕೈಯಲ್ಲಿ ಮಗಳ ಟ್ಯಾಬ್. ‘ಉಸ್ತಾದ್, ನಮ್ಮ ಮನೆಯಲ್ಲೂ ಹೀಗೆಯೇ ಆಗಿದೆ’ ಎಂದು ಪ್ರತಿಯೊಬ್ಬರೂ ತಗ್ಗಿದ ದನಿಯಲ್ಲಿ, ಪಕ್ಕದವರಿಗೆ ಕೇಳಿಸದಂತೆ ಹೇಳುವವರೇ. ಈ ಸಲ ಸಾರಾಂಶದ ಬದಲು ವಿಷಯವನ್ನೇ ಬಿಡಿಸಿ ಬರೆಯಿರಿ ಎಂದು ಸಂಪಾದಕರು ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ, ನಾವು ಕಂಪ್ಯೂಟರ್ ಪಂಡಿತರಲ್ಲ. ದರ್ಸ್‌ನಲ್ಲಿ ಕಿತಾಬು ಓದಿ, ಆಮೇಲೆ ಬಿಎ ಮಾಡಿಕೊಂಡವರು. 2021ರ ರಂಝಾನಿನಲ್ಲಿ ‘ಗುಲಾಬಿ ಬಣ್ಣದ ವಾಟ್ಸಾಪ್’ ಎಂಬ ಮೋಸದ ಲಿಂಕ್ ದೇಶದಲ್ಲೆಲ್ಲ ಹರಿದಾಡಿದಾಗ, ಅದನ್ನು ನಮ್ಮ ಮಸೀದಿ ಗುಂಪಿಗೆ ಫಾರ್ವರ್ಡ್ ಮಾಡಿದ ಮಹಾನುಭಾವರು ನಾವೇ. ನಮ್ಮ ಜಮಾಅತಿನ ಒಬ್ಬ ಯುವಕ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಸುರಕ್ಷತೆಯದೇ ಕೆಲಸ ಮಾಡುತ್ತಾನೆ. ಅವನು ಊರಿಗೆ ಬಂದಾಗ ಕೂರಿಸಿಕೊಂಡು, ಅರ್ಥವಾಗದ್ದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ವಿಷಯ ಶುರುವಾದದ್ದು ಒಬ್ಬ ಹುಡುಗನಿಂದ. ಅವನ ಮತ್ತು ಅವನ ಉಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಬೇಡ. ದ್ವಿತೀಯ ಪಿಯುಸಿ ಓದುವವನು. ತಂದೆ ಸೌದಿಯಲ್ಲಿದ್ದಾರೆ. ಮನೆಯಲ್ಲಿ ಉಮ್ಮ, ಮದುವೆ ನಿಶ್ಚಯವಾಗಿರುವ ಅಕ್ಕ, ಒಬ್ಬಳು ತಂಗಿ. ಫಜರಿಗೆ ಅಪರೂಪಕ್ಕೆ ಬರುವ ಈ ಹುಡುಗ ಸತತ ಮೂರು ದಿನ ಮೊದಲ ಸಫ್‌ನಲ್ಲಿ ಕಾಣಿಸಿದಾಗ ನಮಗೆ ಖುಷಿಯೇ ಆಯಿತು. ನಾಲ್ಕನೇ ದಿನ ಎಲ್ಲರೂ ಎದ್ದು ಹೋದ ಮೇಲೂ ಅವನು ಕಂಬಕ್ಕೊರಗಿ ಕೂತೇ ಇದ್ದ. ಹತ್ತಿರ ಹೋಗಿ ಮಾತಾಡಿಸಿದೆವು. ‘ರಾತ್ರಿ ನಿದ್ದೆ ಬರುವುದಿಲ್ಲ ಉಸ್ತಾದ್, ಹೇಗೂ ಎಚ್ಚರ ಇರುತ್ತೇನೆ, ಅದಕ್ಕೆ ಫಜರಿಗೆ ಬರುತ್ತೇನೆ’ ಎಂದ.

ನಡೆದದ್ದು ಇಷ್ಟು. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಲಿಂಕ್ ಹಾಕಿ, ಫಿಸಿಕ್ಸ್ ಪ್ರಶ್ನೆಪತ್ರಿಕೆ ಹೊರಬಿದ್ದಿದೆ ಎಂದು ಬರೆದಿದ್ದ. ಇವನು ಅಕ್ಕನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದ. ಪರದೆ ತುಂಬ ಕಪ್ಪಾಯಿತು, ಸೈರನ್ ಕೂಗತೊಡಗಿತು, ಹಸಿರು ಅಕ್ಷರಗಳು ಮೇಲಿಂದ ಕೆಳಗೆ ಓಡಿದವು, ಒಂದು ತಲೆಬುರುಡೆ ಬಂತು. ನಿಮ್ಮ ಕಂಪ್ಯೂಟರ್ ನಮ್ಮ ವಶದಲ್ಲಿದೆ, ಫೋಟೋಗಳೆಲ್ಲ ನಮ್ಮ ಕೈ ಸೇರಿವೆ ಎಂಬ ಬರಹ. ಕೆಳಗೆ ಇಂಟರ್‌ನೆಟ್ ವಿಳಾಸದ ಸಂಖ್ಯೆ, ‘ಬೆಂಗಳೂರು’ ಎಂಬ ಊರ ಹೆಸರು, ಲ್ಯಾಪ್‌ಟಾಪಿನಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂಬ ಲೆಕ್ಕ. ಮುಚ್ಚಲು ಒತ್ತಿದಷ್ಟೂ ಹೊಸ ಕಿಟಕಿಗಳು ತೆರೆದುಕೊಂಡವು. ಗಾಬರಿಯಲ್ಲಿ ಪವರ್ ಗುಂಡಿಯನ್ನು ಅದುಮಿ ಹಿಡಿದು ಆರಿಸಿದ. ಲ್ಯಾಪ್‌ಟಾಪನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟು, ಚಾರ್ಜರ್ ಕೆಟ್ಟಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದ.

ಆ ಲ್ಯಾಪ್‌ಟಾಪಿನಲ್ಲಿ ಅಕ್ಕನ ನಿಶ್ಚಿತಾರ್ಥದ ದಿನದ ಫೋಟೋಗಳಿದ್ದವು. ಮನೆಯೊಳಗೆ ಹೆಂಗಸರಷ್ಟೇ ಕೂಡಿದ್ದಾಗ ತೆಗೆದವು. ‘ಅವು ಹೊರಗೆ ಹೋದರೆ ಮದುವೆ ನಿಂತು ಹೋಗುತ್ತದೆ ಉಸ್ತಾದ್, ನನ್ನಿಂದ ಆದದ್ದು’ ಎನ್ನುವಾಗ ಅವನ ಕೈ ನಡುಗುತ್ತಿತ್ತು. ಯಾರಿಗಾದರೂ ಹೇಳೋಣವೆಂದರೆ, ಕದ್ದ ಪ್ರಶ್ನೆಪತ್ರಿಕೆ ನೋಡಲು ಹೋದದ್ದನ್ನೂ ಹೇಳಬೇಕಲ್ಲ. ಹೀಗೆ ಎರಡು ಕಡೆಯಿಂದ ಬಾಯಿ ಕಟ್ಟಿ ಕೂತಿದ್ದ.

ನಮ್ಮ ಬೆಂಗಳೂರಿನ ಯುವಕನಿಗೆ ಫೋನ್ ಮಾಡಿ ವಿವರಿಸಿದೆವು. ಅವನು ನಗಲಿಲ್ಲ, ಅದು ನಮಗೆ ಹಿಡಿಸಿತು. ಕೇಳಿದ್ದು ಒಂದೇ ಪ್ರಶ್ನೆ: ‘ಲಿಂಕ್ ಒತ್ತಿದ ಮೇಲೆ ಅವನು ಏನು ಮಾಡಿದ?’

ಈ ಪ್ರಶ್ನೆಯನ್ನು ಎಲ್ಲ ಮನೆಯವರೂ ನೆನಪಿಟ್ಟುಕೊಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಲಿಂಕ್ ಒತ್ತುವುದು ಬೇರೆ, ಒತ್ತಿದ ಮೇಲೆ ತೆರೆದುಕೊಂಡ ಪುಟ ಹೇಳಿದಂತೆ ಮಾಡುವುದು ಬೇರೆ.

ನಮ್ಮ ಕಡೆಯ ಹಳೇ ಮನೆಗಳನ್ನು ನೆನಪಿಸಿಕೊಳ್ಳಿ. ಮುಂದೆ ಜಗಲಿ, ಅದರಾಚೆ ಬಾಗಿಲು, ಒಳಗೆ ನಡುಮನೆ, ಇನ್ನೂ ಒಳಗೆ ಹೆಂಗಸರ ಕೋಣೆ. ದಾರಿಹೋಕನೂ ಜಗಲಿಗೆ ಬಂದು ಕೂರಬಹುದು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮುಂತಾದ ಬ್ರೌಸರ್‌ಗಳು ಪ್ರತಿಯೊಂದು ಪುಟವನ್ನೂ ಹೀಗೆ ಜಗಲಿಯಲ್ಲೇ ಕೂರಿಸುತ್ತವೆ. ಅಲ್ಲಿ ಕೂತವನು ಗಲಾಟೆ ಮಾಡಬಹುದು, ಡೋಲು ಬಾರಿಸಬಹುದು, ‘ನಿನ್ನ ಕೋಣೆಯೊಳಗೆಲ್ಲ ನೋಡಿ ಬಂದಿದ್ದೇನೆ’ ಎಂದು ಕೂಗಬಹುದು. ಕೂಗಿದ ಮಾತ್ರಕ್ಕೆ ಒಳಗೆ ಹೋದಂತಾಗಲಿಲ್ಲ. ನಿಮ್ಮ ಫೋಟೋಗಳ ಕಡತ, ವಾಟ್ಸಾಪ್ ಸಂದೇಶಗಳು, ಬ್ಯಾಂಕಿನ ಪುಟಕ್ಕೆಂದು ಉಳಿಸಿಟ್ಟ ಪಾಸ್‌ವರ್ಡ್ ಇವು ಒಳಗಿನ ಕೋಣೆಯ ವಸ್ತುಗಳು. ನೀವೇ ಆರಿಸಿ ಕೊಡದೆ ಒಂದು ಪುಟ ಅವನ್ನು ಓದಲಾರದು. ಕ್ಯಾಮರಾ, ಮೈಕ್ ಬೇಕಾದರೆ ಅದು ಅನುಮತಿ ಕೇಳಲೇಬೇಕು.

ಹಾಗಾದರೆ ಸಂಖ್ಯೆ, ಊರು, ಚಾರ್ಜ್ ಎಲ್ಲ ಅದಕ್ಕೆ ಹೇಗೆ ಗೊತ್ತಾಯಿತು? ಜಗಲಿಯಲ್ಲಿ ಕೂತವನಿಗೆ ಮನೆ ನಂಬರ್ ಫಲಕ, ಕರೆಂಟ್ ಮೀಟರ್ ಕಾಣುವುದಿಲ್ಲವೇ? ಹಾಗೆಯೇ. ಇಂಟರ್‌ನೆಟ್ ವಿಳಾಸದ ಸಂಖ್ಯೆ ನೀವು ತೆರೆಯುವ ಪ್ರತಿಯೊಂದು ಪುಟಕ್ಕೂ ತಿಳಿಯುತ್ತದೆ. ತಿಳಿಯದಿದ್ದರೆ ಆ ಪುಟವನ್ನು ನಿಮ್ಮ ಮನೆಗೆ ಕಳಿಸುವುದಾದರೂ ಹೇಗೆ? ಚಾರ್ಜ್ ಎಷ್ಟಿದೆ, ಪರದೆ ಎಷ್ಟು ಅಗಲ ಎಂಬುದನ್ನೂ ಕೆಲವು ಬ್ರೌಸರ್‌ಗಳು ಹೇಳುತ್ತವೆ. ಊರಿನ ವಿಷಯದಲ್ಲಂತೂ ಹುಡುಗನ ಭಯಕ್ಕೆ ಅಲ್ಲಿಯೇ ಉತ್ತರವಿತ್ತು. ಅವನ ಮನೆ ಇರುವುದು ನಮ್ಮ ಮಸೀದಿಯಿಂದ ಎರಡು ಫರ್ಲಾಂಗ್ ದೂರದಲ್ಲಿ, ಪುಟ ಹೇಳಿದ್ದು ಬೆಂಗಳೂರು. ಇಂಟರ್‌ನೆಟ್ ಕೊಡುವ ಕಂಪನಿಯ ಸಂಖ್ಯೆ ಯಾವ ಊರಿನ ಲೆಕ್ಕದಲ್ಲಿ ದಾಖಲಾಗಿದೆಯೋ ಆ ಊರು ಕಾಣಿಸುತ್ತದೆ, ಅಷ್ಟೆ. ‘ಮನೆಯೊಳಗೆ ಬಂದ ಕಳ್ಳನಿಗೆ ಮನೆ ಯಾವ ಊರಿನಲ್ಲಿದೆ ಎಂದು ಗೊತ್ತಿಲ್ಲವೇ?’ ಎಂದು ನಾವು ಕೇಳಿದಾಗ ಹುಡುಗ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕ.

ಇಂಥ ಚೇಷ್ಟೆ ಹೊಸದೇನಲ್ಲ. 2000ರ ದಶಕದ ಆರಂಭದಲ್ಲೇ ತೆರೆದವನನ್ನು ಮೂರ್ಖನೆಂದು ಹಾಡಿ ಗೇಲಿ ಮಾಡುವ ಒಂದು ಪುಟವಿತ್ತು. ಅದನ್ನು ಮುಚ್ಚಲು ಹೋದರೆ ಕಿಟಕಿ ಹಲವಾಗಿ ಒಡೆದು ಪರದೆಯ ಮೇಲೆಲ್ಲ ಚೆಂಡಿನಂತೆ ಪುಟಿಯುತ್ತಿತ್ತು. 2016ರ ಜನವರಿಯಲ್ಲಿ ಐಫೋನುಗಳನ್ನು ಸ್ತಬ್ಧಗೊಳಿಸುವ ಒಂದು ಲಿಂಕ್ ಜಗತ್ತಿನಾದ್ಯಂತ ಓಡಾಡಿತು. ಆ ಪುಟ ಮಾಡುತ್ತಿದ್ದುದು ಇಷ್ಟೇ: ವಿಳಾಸ ಬರೆಯುವ ಜಾಗದಲ್ಲಿ ಅಕ್ಷರಗಳನ್ನು ಸಾವಿರಗಟ್ಟಲೆ ಸೇರಿಸುತ್ತಾ ಹೋಗುವುದು. ಫೋನ್ ಬಿಸಿಯಾಗಿ, ದಣಿದು, ತಾನೇ ಆರಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಹತ್ತಿಕೊಂಡ ಮೇಲೆ ಎಲ್ಲವೂ ಇದ್ದ ಹಾಗೆಯೇ ಇರುತ್ತಿತ್ತು. ಎತ್ತಿಗೆ ಮಿತಿಮೀರಿ ಹೊರೆ ಹೇರಿದರೆ ಕೂತುಬಿಡುತ್ತದಲ್ಲ, ಹಾಗೆ. ಕೂತದ್ದು ಕಾಯಿಲೆಯಲ್ಲ.

ಇಂಥ ಪುಟ ಬಂದರೆ ಪರದೆಯ ಮೇಲಿರುವ ಯಾವ ಗುಂಡಿಯನ್ನೂ, ‘ಮುಚ್ಚು’ ಎಂದು ಬರೆದಿರುವುದನ್ನೂ, ಒತ್ತಬೇಡಿ. ಆ ಗುಂಡಿ ಬಿಡಿಸಿದವನು ಅವನೇ. ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿ ಬ್ರೌಸರನ್ನು ನಿಲ್ಲಿಸಬಹುದು. ಮೊಬೈಲಿನಲ್ಲಿ ತೆರೆದಿರುವ ಆ್ಯಪ್‌ಗಳ ಸಾಲಿನಿಂದ ಅದನ್ನು ತಳ್ಳಿಹಾಕಿದರಾಯಿತು. ಏನೂ ಆಗದಿದ್ದರೆ ಹುಡುಗ ಮಾಡಿದಂತೆ ಪವರ್ ಗುಂಡಿ ಹಿಡಿದು ಆರಿಸುವುದರಲ್ಲಿ ತಪ್ಪಿಲ್ಲ. ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ’ ಎಂದು ಬ್ರೌಸರ್ ಕೇಳುತ್ತದೆ, ಬೇಡ ಎನ್ನಿ.

ಇನ್ನು ಭಯಪಡಬೇಕಾದ ಕಡೆಗೆ ಬರೋಣ. ಜಗಲಿಯವನು ಬಾಗಿಲು ತಟ್ಟುತ್ತಾನೆ, ನಾವು ತೆರೆಯುತ್ತೇವೆ. ಅಪಾಯವಿರುವುದು ಬಹುಪಾಲು ಅಲ್ಲಿ. ಇನ್ನೊಬ್ಬರ ಮನೆ ಪ್ರವೇಶಿಸುವ ಮೊದಲು ಅನುಮತಿ ಕೇಳಬೇಕು, ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಮರಳಿ ಹೋಗಬೇಕು ಎಂಬುದನ್ನು ಮದ್ರಸದ ಸಣ್ಣ ಮಕ್ಕಳಿಗೂ ಕಲಿಸುತ್ತೇವೆ. ಅನುಮತಿ ಕೊಡುವವನೂ ಬಂದವನು ಯಾರೆಂದು ನೋಡಿಯೇ ಕೊಡಬೇಕು ಎಂಬುದು ಅದರ ಇನ್ನೊಂದು ಮಗ್ಗುಲು. ಮೊಬೈಲಿನಲ್ಲಿ ‘ಅಲೋ’ ಎಂಬ ಗುಂಡಿ ಬಂದಾಗ ನಾವು ಓದದೆಯೇ ಒತ್ತುತ್ತೇವೆ. ನಮ್ಮಲ್ಲಿಗೆ ಬಂದ ಟ್ಯಾಬಿನಲ್ಲಿ ದಿನವಿಡೀ ‘ವೈರಸ್ ಬಂದಿದೆ’ ಎಂಬ ಸೂಚನೆಗಳು ಬರುತ್ತಿದ್ದವು. ನೋಡಿದರೆ ವೈರಸ್ ಯಾವುದೂ ಇರಲಿಲ್ಲ, ಯಾವುದೋ ಪುಟಕ್ಕೆ ಸೂಚನೆ ಕಳಿಸುವ ಅನುಮತಿಯನ್ನು ಮಗು ಕೊಟ್ಟಿತ್ತು. ಕ್ರೋಮ್‌ನ ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಿದ ಕೂಡಲೇ ಟ್ಯಾಬ್ ಶಾಂತವಾಯಿತು.

ಅದಕ್ಕಿಂತ ದೊಡ್ಡದು ಕಡತವನ್ನು ಇಳಿಸಿಕೊಂಡು ತೆರೆಯುವುದು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಹೆಸರಿನ ಇಮೇಲ್ ಫಿಲಿಪ್ಪೀನ್ಸ್‌ನಿಂದ ಹೊರಟು ಒಂದೆರಡು ದಿನದಲ್ಲಿ ಜಗತ್ತನ್ನೇ ಸುತ್ತಿತು. ಪ್ರೇಮಪತ್ರವೆಂದು ನಂಬಿ ಜೊತೆಗಿದ್ದ ಕಡತವನ್ನು ತೆರೆದವರ ಕಂಪ್ಯೂಟರಿನಲ್ಲಿ ಅದು ಚಿತ್ರಗಳ ಕಡತಗಳನ್ನು ಅಳಿಸಿ ತನ್ನನ್ನೇ ಬರೆದುಕೊಂಡಿತು, ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ತಾನೇ ಪತ್ರ ಕಳಿಸಿತು. ಪತ್ರ ಬಂದದ್ದರಿಂದ ಆ ಹಾನಿ ಆಗಲಿಲ್ಲ, ಕಡತ ತೆರೆದದ್ದರಿಂದ ಆಯಿತು. ಕಡತದ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಅದು ಸಾಧಾರಣ ಬರಹದಂತೆ ಕಾಣುತ್ತಿತ್ತು.

ಇಂದು ನಮ್ಮ ಊರುಗಳಲ್ಲಿ ಅದೇ ಕೆಲಸವನ್ನು ‘ಎಪಿಕೆ’ ಎಂದು ಕೊನೆಯಾಗುವ ಕಡತಗಳು ಮಾಡುತ್ತಿವೆ. ಮದುವೆ ಆಮಂತ್ರಣ ಎಂದು ಬರುತ್ತದೆ, ವಾಹನದ ದಂಡದ ಚಲನ್ ಎಂದು ಬರುತ್ತದೆ, ಬ್ಯಾಂಕಿನ ಕೆವೈಸಿ ಎಂದು ಬರುತ್ತದೆ. ಪರಿಚಯದವರ ನಂಬರಿನಿಂದಲೇ ಬರುವುದೂ ಉಂಟು, ಏಕೆಂದರೆ ಅವರ ಮೊಬೈಲ್ ಮೊದಲೇ ಸಿಕ್ಕಿಬಿದ್ದಿರುತ್ತದೆ. ಮದುವೆ ಕಾಗದ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಇನ್‌ಸ್ಟಾಲ್ ಮಾಡು ಎಂದು ಹೇಳುವ ಮದುವೆ ಕಾಗದ ಯಾವ ನಿಕಾಹ್‌ನದೂ ಆಗಿರುವುದಿಲ್ಲ. ಅದನ್ನು ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ನೇರ ಕಳ್ಳನ ಕೈಗೆ ಹೋಗುತ್ತದೆ.

ಇನ್ನೊಂದು ಹೊಸ ವಿದ್ಯೆಯನ್ನು ಆ ಯುವಕ ಹೇಳಿದ. ನಮಗೆ ಅದೇ ಎಲ್ಲಕ್ಕಿಂತ ಕುತಂತ್ರದ್ದೆಂದು ಕಂಡಿತು. ‘ನೀವು ಯಂತ್ರವಲ್ಲ, ಮನುಷ್ಯರೆಂದು ಸಾಬೀತುಪಡಿಸಿ’ ಎಂಬ ಪುಟ ಬರುತ್ತದೆ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ನೋಡಲು ವ್ಯಾಯಾಮದ ಪಾಠದಂತಿರುತ್ತದೆ. ನಡೆಯುವುದೇನೆಂದರೆ, ಆ ಪುಟ ಗುಟ್ಟಾಗಿ ನಕಲು ಮಾಡಿಟ್ಟ ಆದೇಶವನ್ನು ನೀವೇ ನಿಮ್ಮ ಕೈಯಾರೆ ಕಂಪ್ಯೂಟರಿಗೆ ಕೊಡುತ್ತೀರಿ. ಜಗಲಿಯವನು ಬಾಗಿಲು ಮುರಿಯಲಾರ, ಆದ್ದರಿಂದ ಯಜಮಾನನ ಕೈಯಿಂದಲೇ ಅಗಳಿ ತೆಗೆಸುತ್ತಾನೆ. ಪರದೆಯ ಮೇಲೆ ಫೋನ್ ನಂಬರ್ ಕೊಟ್ಟು, ಮೈಕ್ರೋಸಾಫ್ಟ್‌ನವರಿಗೆ ಕರೆ ಮಾಡಿ ಎನ್ನುವ ಪುಟವೂ ಇದೇ ಜಾತಿಯದು. ಮೈಕ್ರೋಸಾಫ್ಟ್ ತನ್ನ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ.

ಬಾಗಿಲು ತೆರೆಯದೆಯೂ ಕಳ್ಳ ನುಗ್ಗುವುದಿಲ್ಲವೇ ಎಂದು ಕೇಳಿದೆವು. ನುಗ್ಗಬಹುದು, ಗೋಡೆಯಲ್ಲಿ ಬಿರುಕಿದ್ದರೆ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಮಾದರಿಯ ಚಿತ್ರಗಳನ್ನು ತೋರಿಸುವ ಭಾಗದಲ್ಲಿ ಅಂಥ ಬಿರುಕು ಕಂಡುಬಂದು ಎಲ್ಲ ಬ್ರೌಸರ್‌ನವರೂ ಅವಸರದಲ್ಲಿ ತೇಪೆ ಹಾಕಿದರು. ಯಾರಿಗೂ ಗೊತ್ತಿಲ್ಲದ ಬಿರುಕು ಬಹಳ ಬೆಲೆಬಾಳುವ ವಸ್ತು. ಅದನ್ನು ಪಿಯುಸಿ ಹುಡುಗರನ್ನು ಹೆದರಿಸಲು ಯಾರೂ ಖರ್ಚು ಮಾಡುವುದಿಲ್ಲ. ಆದರೆ ಗೊತ್ತಾಗಿ ತೇಪೆಯೂ ಬಂದ ಬಿರುಕನ್ನು ನಾವು ಮುಚ್ಚದೆ ಬಿಟ್ಟರೆ ಯಾವ ಪುಂಡನೂ ಒಳಬರಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಗಲ್ಫ್‌ನಿಂದ ಬಂದ ಹಳೇ ಲ್ಯಾಪ್‌ಟಾಪ್ ಇನ್ನೂ ವಿಂಡೋಸ್ 7ರಲ್ಲೇ ಓಡುತ್ತಿದೆ. ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಕೊಡುವುದನ್ನು 2020ರ ಜನವರಿ 14ರಂದೇ ನಿಲ್ಲಿಸಿತು. 2023ರ ಬಳಿಕ ಹೊಸ ಕ್ರೋಮ್ ಕೂಡ ಅದರಲ್ಲಿ ಓಡುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ, ಮನೆಯ ಹೆಣ್ಣುಮಕ್ಕಳ ಫೋಟೋಗಳೂ ಬೇಡ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡಿ ಎಂದು ಪ್ರವಾದಿಯವರು(ಸ) ಕಲಿಸಿದ್ದು ಇಂಥ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ತಪ್ಪು ನಡೆದೇಹೋಗಿದ್ದರೆ? ಪುಟದಲ್ಲಿ ಪಾಸ್‌ವರ್ಡ್ ಬರೆದಿದ್ದರೆ, ಬೇರೊಂದು ಮೊಬೈಲಿನಿಂದ ಆ ಪಾಸ್‌ವರ್ಡನ್ನು ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ವಾಟ್ಸಾಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಪರಿಚಯವಿಲ್ಲದ ಯಂತ್ರ ಕಂಡರೆ ಹೊರಹಾಕಿ. ಎಪಿಕೆ ಹಾಕಿಕೊಂಡಿದ್ದರೆ ಮೊದಲು ಇಂಟರ್‌ನೆಟ್ ಆರಿಸಿ, ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ, ಆಮೇಲೆ ಆ ಆ್ಯಪ್ ತೆಗೆಸಿ. ವಿಂಡೋಸ್‌ನಲ್ಲಿ ಅದರದೇ ಡಿಫೆಂಡರ್ ಇದೆ, ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿದರೆ ಸಾಕು. ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತಿದೆ. ಹಣ ಹೋಗಿದ್ದರೆ ಒಂದು ಗಂಟೆಯನ್ನೂ ಕಳೆಯದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ಪ್ರತಿ ಜಿಲ್ಲೆಯಲ್ಲೂ ಸೆನ್ ಪೊಲೀಸ್ ಠಾಣೆ ಇದೆ, ಅದು ಇದಕ್ಕಾಗಿಯೇ ಇರುವುದು.

ಫೋಟೋ ಇಟ್ಟುಕೊಂಡು ಯಾರಾದರೂ ನಿಜವಾಗಿಯೂ ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಸಂದೇಶವನ್ನು ಅಳಿಸಲೂ ಬೇಡಿ, ಅದೇ ಸಾಕ್ಷಿ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಣ್ಣುಮಕ್ಕಳ ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಲು ಅವಕಾಶವಿದೆ. ‘ಸ್ಟಾಪ್ ಎನ್‌ಸಿಐಐ’ ಎಂಬ ಸೇವೆ 2021ರ ಡಿಸೆಂಬರಿನಿಂದ ಇದೆ. ಹದಿನೆಂಟು ತುಂಬಿದವರ ಖಾಸಗಿ ಚಿತ್ರಕ್ಕೆ ಅದು ಬೆರಳಚ್ಚಿನಂಥ ಒಂದು ಗುರುತು ಮಾಡಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವಕ್ಕೆ ಕೊಡುತ್ತದೆ. ಚಿತ್ರ ನಿಮ್ಮ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ, ಗುರುತು ಮಾತ್ರ ಹೋಗುತ್ತದೆ.

ಹುಡುಗನ ವಿಷಯಕ್ಕೆ ಮರಳೋಣ. ಲ್ಯಾಪ್‌ಟಾಪನ್ನು ಕಪಾಟಿನ ಮೇಲಿಟ್ಟ ಮೇಲೆ ಅವನು ಸುಮ್ಮನಿರಲಿಲ್ಲ. ತನ್ನ ಮೊಬೈಲಿಗೆ ಮೂರು ಆಂಟಿವೈರಸ್ ಆ್ಯಪ್ ಹಾಕಿಕೊಂಡು ದಿನಕ್ಕೆ ಹತ್ತು ಹನ್ನೆರಡು ಸಲ ಪರೀಕ್ಷಿಸುತ್ತಿದ್ದ. ಪ್ರತಿ ರಾತ್ರಿ ಪಾಸ್‌ವರ್ಡ್ ಬದಲಿಸುತ್ತಿದ್ದ, ಬೆಳಿಗ್ಗೆ ಮರೆಯುತ್ತಿದ್ದ. ಮೊಬೈಲಿನ ಕ್ಯಾಮರಾಕ್ಕೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದ. ಗಂಟೆಗೊಮ್ಮೆ ಅಕ್ಕನ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕುತ್ತಿದ್ದ. ಏನೂ ಇಲ್ಲ ಎಂದು ಬಂದರೆ ಹತ್ತು ನಿಮಿಷ ಸಮಾಧಾನ, ಮತ್ತೆ ಅದೇ.

ಕಂಪ್ಯೂಟರಿನ ವಿಷಯ ನಮಗೆ ತಿಳಿಯದಿದ್ದರೂ ಈ ರೋಗ ನಮಗೆ ಚೆನ್ನಾಗಿ ಗೊತ್ತು. ವುಝೂ ಮಾಡುವ ಹೌಝಿನ ಬಳಿ ಇದನ್ನು ವರ್ಷಗಟ್ಟಲೆ ನೋಡಿದ್ದೇವೆ. ಒಬ್ಬರು ಮೊಣಕೈ ತೊಳೆಯುತ್ತಾರೆ, ನೀರು ತಲುಪಿತೋ ಇಲ್ಲವೋ ಎಂದು ಮತ್ತೆ ತೊಳೆಯುತ್ತಾರೆ, ಒಂದು ರಕಅತ್ ಮುಗಿದರೂ ಇನ್ನೂ ಅಲ್ಲೇ. ಇದಕ್ಕೆ ವಸ್ವಾಸ್ ಎನ್ನುತ್ತೇವೆ. ನಮಾಝಿನಲ್ಲಿ ವುಝೂ ಮುರಿಯಿತೋ ಎಂದು ಸಂಶಯ ಬರುವವನ ಬಗ್ಗೆ ಕೇಳಿದಾಗ, ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಟ್ಟು ಹೋಗಬೇಕಿಲ್ಲ ಎಂದು ಪ್ರವಾದಿಯವರು(ಸ) ತಿಳಿಸಿದ ವಿಷಯ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಖಚಿತವಾಗಿರುವುದು ಬರಿಯ ಸಂಶಯದಿಂದ ಮುರಿಯುವುದಿಲ್ಲ ಎಂಬ ಫಿಕ್ಹ್‌ನ ಸೂತ್ರ ಇಲ್ಲಿಂದ ಬಂದದ್ದು. ಹುಡುಗನಿಗೆ ನಾವು ಅದನ್ನೇ ಹೇಳಿದೆವು. ಒಮ್ಮೆ ಸರಿಯಾಗಿ ಪರೀಕ್ಷೆ ಮಾಡೋಣ. ಅಲ್ಲಿ ಏನಾದರೂ ಸಿಕ್ಕರೆ ಅದಕ್ಕೆ ತಕ್ಕುದನ್ನು ಮಾಡೋಣ. ಏನೂ ಸಿಗದಿದ್ದರೆ ವುಝೂ ಇದೆ ಎಂದುಕೊಂಡು ನಮಾಝ್ ಮುಂದುವರಿಸು, ಹೌಝಿಗೆ ಮತ್ತೆ ಓಡಬೇಡ.

ಇಲ್ಲೊಂದು ಮಾತು ಸೇರಿಸಬೇಕು. ಜಾಗರೂಕತೆಗೂ ವಸ್ವಾಸಿಗೂ ಇರುವ ಗೆರೆ ತೆಳುವಾದದ್ದು. ನಿದ್ದೆ, ಊಟ, ಓದು ಬಿಟ್ಟುಹೋಗುವಷ್ಟು ಆದರೆ ಅದು ಉಪದೇಶದಿಂದ ಮಾತ್ರ ಇಳಿಯದಿರಬಹುದು. ಅಂಥವರನ್ನು ವೈದ್ಯರ ಬಳಿ ಕರೆದೊಯ್ಯಲು ನಾಚಿಕೆ ಬೇಡ. ಒಬ್ಬರನ್ನು ನಾವೇ ಹೀಗೆ ಕಳಿಸಿದ್ದೇವೆ, ಈಗ ಅವರ ವುಝೂ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಲಿಂಕ್ ಹಾಕಿದ ಗೆಳೆಯನ ವಿಷಯವೂ ಇದೆ. ಅವನಿಗೆ ಅದು ತಮಾಷೆ. ಪ್ರವಾದಿಯವರ(ಸ) ಜೊತೆ ಪ್ರಯಾಣದಲ್ಲಿದ್ದವರಲ್ಲಿ ಒಬ್ಬರು ನಿದ್ದೆಹೋದಾಗ ಇನ್ನೊಬ್ಬರು ಅವರ ಬಳಿಯಿದ್ದ ಹಗ್ಗವನ್ನು ತಮಾಷೆಗೆ ತೆಗೆದುಕೊಂಡರು, ನಿದ್ದೆಯಲ್ಲಿದ್ದವರು ಬೆಚ್ಚಿ ಎದ್ದರು. ಮುಸ್ಲಿಮನು ಇನ್ನೊಬ್ಬ ಮುಸ್ಲಿಮನನ್ನು ಹೆದರಿಸುವುದು ಸಮ್ಮತವಲ್ಲ ಎಂದು ಪ್ರವಾದಿಯವರು(ಸ) ಹೇಳಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಹೋದದ್ದು ಒಂದು ಹಗ್ಗ, ಅದೂ ಮರಳಿ ಸಿಗುವಂಥದ್ದು. ಆದರೂ ಬೆಚ್ಚಿದ ಆ ಗಳಿಗೆಗೆ ಬೆಲೆ ಇತ್ತು.

ಹಾಗೆಂದು ತಮಾಷೆ ಮಾಡಿದ ಮಕ್ಕಳನ್ನು ಅಪರಾಧಿಗಳಂತೆ ಎಳೆದಾಡುವುದೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. 2019ರ ಮಾರ್ಚಿನಲ್ಲಿ ಜಪಾನಿನ ಹ್ಯೋಗೊ ಪ್ರಾಂತದ ಪೊಲೀಸರು ಇಂಥದೇ ಲಿಂಕ್ ಹಂಚಿದ್ದಕ್ಕಾಗಿ 13 ವರ್ಷದ ಹುಡುಗಿಯೊಬ್ಬಳನ್ನು ವಿಚಾರಣೆಗೆ ಒಳಪಡಿಸಿದರು. ಆ ಪುಟ ಮಾಡುತ್ತಿದ್ದುದು ‘ಸರಿ’ ಒತ್ತಿದಷ್ಟೂ ಒಂದೇ ಸಂದೇಶವನ್ನು ಮತ್ತೆ ಮತ್ತೆ ತೋರಿಸುವುದು, ಪುಟ ಮುಚ್ಚಿದರೆ ಮುಗಿಯಿತು. ಇಷ್ಟಕ್ಕೆ ಪೊಲೀಸರೇ ಎಂದು ಅಲ್ಲಿನ ಪ್ರೋಗ್ರಾಮರುಗಳೇ ಪ್ರತಿಭಟಿಸಿದರು. ನಮ್ಮ ಹುಡುಗನ ಗೆಳೆಯನನ್ನು ನಾವು ಕರೆಸಿದಾಗ ಬೈಯಲಿಲ್ಲ. ಇವನ ಪಕ್ಕ ಕೂರಿಸಿ, ನಾಲ್ಕು ರಾತ್ರಿ ಹೇಗೆ ಕಳೆದೆ ಎಂದು ಇವನ ಬಾಯಿಂದಲೇ ಹೇಳಿಸಿದೆವು. ಆ ಲಿಂಕ್ ಅವನಿಗೆ ಬಂದದ್ದು ಇನ್ಯಾರಿಂದಲೋ, ಅವನೂ ಮೊದಲ ಸಲ ಹೆದರಿದ್ದನಂತೆ, ಅದಕ್ಕೇ ಇತರರಿಗೂ ಕಳಿಸಿದನಂತೆ.

ಶನಿವಾರ ಬೆಂಗಳೂರಿನ ಯುವಕ ಬಂದ. ಲ್ಯಾಪ್‌ಟಾಪನ್ನು ಹುಡುಗನ ಮನೆಯ ನಡುಮನೆಯಲ್ಲೇ, ಉಮ್ಮ ಮತ್ತು ಅಕ್ಕನ ಮುಂದೆಯೇ ತೆರೆದೆವು. ಎಲ್ಲ ಹೇಳುವುದೆಂದು ಮೊದಲೇ ಒಪ್ಪಿಸಿದ್ದೆವು, ಪ್ರಶ್ನೆಪತ್ರಿಕೆಯ ವಿಷಯವನ್ನೂ. ಅವನು ತಲೆತಗ್ಗಿಸಿ ಹೇಳಿದ. ಡೌನ್‌ಲೋಡ್ ಕಡತಗಳಲ್ಲಿ ಆ ದಿನದ್ದು ಏನೂ ಇರಲಿಲ್ಲ. ಹೊಸ ಆ್ಯಪ್ ಇರಲಿಲ್ಲ, ಬ್ರೌಸರಿಗೆ ಹೊಸದಾಗಿ ಸೇರಿಕೊಂಡದ್ದೂ ಇರಲಿಲ್ಲ. ಸೂಚನೆ ಕಳಿಸುವ ಒಂದು ಅನುಮತಿ ಮಾತ್ರ ಗಾಬರಿಯಲ್ಲಿ ಕೊಟ್ಟದ್ದಿತ್ತು, ತೆಗೆದ. ಪೂರ್ತಿ ಪರೀಕ್ಷೆಗೆ ಒಂದೂವರೆ ಗಂಟೆ ಹಿಡಿಯಿತು, ಅಷ್ಟರಲ್ಲಿ ಉಮ್ಮ ಎರಡು ಸಲ ಚಹಾ ಮಾಡಿದರು. ಏನೂ ಸಿಗಲಿಲ್ಲ. ಅಕ್ಕ ಫೋಟೋಗಳನ್ನು ಒಂದು ಹಾರ್ಡ್‌ಡಿಸ್ಕಿಗೆ ಹಾಕಿ ತನ್ನ ಕಪಾಟಿನಲ್ಲಿ ಬೀಗ ಹಾಕಿಟ್ಟಳು. ‘ಚಾರ್ಜರ್ ಸರಿಯಾಗಿಯೇ ಇದೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು, ನೀನಾಗಿ ಹೇಳಲಿ ಎಂದು ಸುಮ್ಮನಿದ್ದೆ’ ಎಂದು ತಮ್ಮನಿಗೆ ಹೇಳಿದಳು.

ಆ ಸಂಜೆಯೇ ಗೆಳೆಯ ಗುಂಪಿನಲ್ಲಿ ಬರೆದ: ಲಿಂಕ್ ಹಾಕಿದ್ದು ನಾನು, ಅದು ಬರಿಯ ಹುಡುಗಾಟ, ಯಾರಿಗೂ ಏನೂ ಆಗಿಲ್ಲ, ಮಾಫ್ ಮಾಡಿ ಎಂದು. ರಾತ್ರಿಯೊಳಗೆ ಇನ್ನಿಬ್ಬರು ಅವನಿಗೆ ಬೇರೆಯಾಗಿ ಸಂದೇಶ ಕಳಿಸಿದರು. ಅವರೂ ಒತ್ತಿದ್ದರು, ಅವರೂ ಯಾರಿಗೂ ಹೇಳಿರಲಿಲ್ಲ. ಅವರಲ್ಲೊಬ್ಬ ಹೆದರಿಕೆಯಲ್ಲಿ ಮನೆಯ ಮೊಬೈಲನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಟ್ಟಿದ್ದ. ಆ ಮೊಬೈಲಿನಲ್ಲಿ ಕಳೆದ ವರ್ಷ ತೀರಿಹೋದ ಅವನ ಅಜ್ಜಿಯ ಧ್ವನಿ ಸಂದೇಶಗಳಿದ್ದವು, ಮೊಮ್ಮಗನಿಗೆ ದುಆ ಮಾಡುತ್ತಾ ಕಳಿಸಿದವು. ಬ್ಯಾಕಪ್ ಇದೆಯೇ ಎಂದು ಬೆಂಗಳೂರಿನ ಯುವಕ ಕೇಳಿದ, ಇರಲಿಲ್ಲ. ಮರಳಿ ತರುವ ದಾರಿ ಏನಾದರೂ ಇದೆಯೇ ಎಂದು ಲಿಂಕ್ ಹಾಕಿದ ಹುಡುಗ ನಮ್ಮನ್ನು ಎರಡು ಸಲ ಕೇಳಿದ. ಮರುದಿನ ಅಸರ್ ಬಳಿಕ ಅವನು ತನ್ನ ತಂದೆಯನ್ನು ಜೊತೆಗೆ ಕರೆದುಕೊಂಡು ಆ ಮನೆಗೆ ಹೋದ.